ಊರು ಬಿಟ್ಟವರಿಗೆ ಕೊಟ್ಟ ಮಾತು

ಕೆಲಸವನ್ನರಸಿ ಪರರಾಜ್ಯಕ್ಕೆ ಹೋಗುವವರಿಗಾಗಿ 1979ರಲ್ಲಿ ನಮ್ಮ ಸಂಸತ್ತು ಒಂದು ಕಾಯಿದೆಯನ್ನು ರೂಪಿಸಿತ್ತು. ಅದರ ಸ್ಥಾನದಲ್ಲಿ ಬಂದ ಹೊಸ ಸಂಹಿತೆಯನ್ನು 2020ರ ಸೆಪ್ಟೆಂಬರಿನಲ್ಲಿ ಅಂಗೀಕರಿಸಲಾಯಿತು. ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಅಂಗೀಕಾರಕ್ಕೂ ಜಾರಿಗೂ ನಡುವೆ ಐದು ವರ್ಷ ಸಂದುಹೋದವು. ಈ ಅವಧಿಯಲ್ಲಿ ಚುನಾವಣೆಗಳು ಬಂದುಹೋದವು, ಭರವಸೆಗಳೂ ಬಂದುಹೋದವು. ವಲಸೆಯ ವಿಷಯದಲ್ಲಿ ಸುಧಾರಣೆ ಎಂಬ ಶಬ್ದ ಕೇಳಿದೊಡನೆ ನಮ್ಮ ಜನರು ಮುಖ ತಿರುಗಿಸುವುದೇಕೆ, ಆ ಬೇಸರ ಎಷ್ಟರಮಟ್ಟಿಗೆ ನ್ಯಾಯವಾದುದು, ಮುಂದೇನನ್ನು ನಿರೀಕ್ಷಿಸಬಹುದು ಎಂಬುದನ್ನು ಈ ವಾರ ವಿಚಾರ ಮಾಡೋಣ.

ಇದು ದೂರದ ಊರಿನ ವಿಷಯವಲ್ಲ. ಶ್ರೀರಂಗಪಟ್ಟಣಕ್ಕೆ ಚಿಕ್ಕದೇವರಾಯ ನಾಲೆ, ವಿರಿಜಾ ನಾಲೆಗಳ ನೀರುಂಟು. ಪಾಂಡವಪುರದ ಬಹುಭಾಗಕ್ಕೆ ವಿಶ್ವೇಶ್ವರಯ್ಯ ನಾಲೆ ಹರಿಯುತ್ತದೆ. ಆದರೆ ನಾಗಮಂಗಲದ ರೈತ ಹೆಚ್ಚಾಗಿ ಮಳೆಯನ್ನೇ ನಂಬಿದವನು, ಕೆ.ಆರ್. ಪೇಟೆಯಲ್ಲಿಯೂ ಹೇಮಾವತಿ ನೀರು ತಲುಪಿದ ಊರುಗಳುಂಟು, ತಲುಪದವೂ ಉಂಟು. ಈ ಎರಡು ತಾಲ್ಲೂಕುಗಳಿಂದ ಮುಂಬೈಗೆ ಹೋಗಿ ಹೋಟೆಲುಗಳಲ್ಲಿ ದುಡಿದವರು, ಆಟೋ ಓಡಿಸಿದವರು, ಕೂಲಿ ಮಾಡಿದವರು ಒಂದು ತಲೆಮಾರಿನವರಲ್ಲ. ನೀರಾವರಿಯ ಊರುಗಳಲ್ಲಿಯೂ ಹಿಡುವಳಿ ಅಣ್ಣತಮ್ಮಂದಿರ ನಡುವೆ ಹಂಚಿಹೋಗಿ, ಬೆಂಗಳೂರಿನ ಬಸ್ಸು ಹತ್ತಿದ ಮಕ್ಕಳು ಅನೇಕರು. ನಮ್ಮ ಧರ್ಮಕೇಂದ್ರಗಳ ಕುಟುಂಬಗಳೂ ಇದಕ್ಕೆ ಹೊರತಲ್ಲ. ಕ್ರಿಸ್ತಜಯಂತಿಗೆ ಮಾತ್ರ ಮಗನ ಮುಖ ಕಾಣುವ ತಾಯಂದಿರು ಈ ಅಂಕಣದ ಓದುಗರಲ್ಲಿಯೇ ಇದ್ದಾರೆ.

2020ರ ಮೇ ತಿಂಗಳು ಈ ವಲಸೆಯ ನಿಜರೂಪವನ್ನು ಬಯಲಿಗೆ ತಂದಿತು. ಕೊರೊನಾ ಕಾಲದಲ್ಲಿ ಕೆಲಸ ನಿಂತು, ಅನ್ನ ನಿಂತು, ಮುಂಬೈಯಿಂದ ಹೊರಟವರು ಕೆ.ಆರ್. ಪೇಟೆ, ನಾಗಮಂಗಲಗಳಿಗೆ ಬಂದಿಳಿದರು. ಶಾಲೆ, ವಿದ್ಯಾರ್ಥಿನಿಲಯಗಳು ಅವರನ್ನು ಪ್ರತ್ಯೇಕವಾಗಿಡುವ ತಾಣಗಳಾದವು. ಬಂದವರಲ್ಲಿ ಸೋಂಕು ಕಂಡು ಮಂಡ್ಯ ಜಿಲ್ಲೆಯ ಹೆಸರು ದಿನವೂ ರಾಜ್ಯದ ಪಟ್ಟಿಯ ಮೇಲ್ಭಾಗದಲ್ಲಿ ಕಾಣಿಸಿಕೊಂಡಿತು. ಮೇ 18ರಂದು ರಾಜ್ಯ ಸರ್ಕಾರವು ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಸಾರಿತು. ರೋಗ ತಡೆಯುವ ಹೊಣೆ ಸರ್ಕಾರಕ್ಕಿತ್ತು, ನಿಜ. ಆದರೆ ತಿಂಗಳು ತಿಂಗಳು ಊರಿಗೆ ಹಣ ಕಳುಹಿಸುತ್ತಿದ್ದವನು ಒಂದೇ ವಾರದಲ್ಲಿ ಊರಿಗೆ ಬೇಡದವನಾದ. ಅಲ್ಲಿ ಅವನು ಪರಸ್ಥಳದವನು, ಇಲ್ಲಿ ಅವನು ರೋಗ ತಂದವನು.

ಅದೇ ವರ್ಷದ ಸೆಪ್ಟೆಂಬರ್ 14ರಂದು ಲೋಕಸಭೆಯಲ್ಲಿ ಉತ್ತರ ಕೊಟ್ಟ ಕೇಂದ್ರ ಕಾರ್ಮಿಕ ಸಚಿವಾಲಯವು, ಒಂದು ಕೋಟಿಗೂ ಮೀರಿದ ವಲಸೆ ಕಾರ್ಮಿಕರು ತಮ್ಮ ರಾಜ್ಯಗಳಿಗೆ ಮರಳಿದರೆಂದೂ, ದಾರಿಯಲ್ಲಿ ಸತ್ತವರ ಲೆಕ್ಕವನ್ನು ಇಟ್ಟಿಲ್ಲವೆಂದೂ ತಿಳಿಸಿತು. ಎಣಿಕೆಗೆ ಸಿಗದವನಿಗೆ ಪರಿಹಾರವೆಲ್ಲಿಂದ ಬರಬೇಕು? 2021ರಲ್ಲಿ ಆಗಬೇಕಿದ್ದ ಜನಗಣತಿಯೂ ಆಗ ನಡೆಯದೆ, ಅದರ ಗಣನಾ ದಿನವು 2027ರ ಮಾರ್ಚ್ 1ಕ್ಕೆ ನಿಗದಿಯಾಯಿತು. ಹೀಗಾಗಿ ವಲಸೆಯ ಕುರಿತ ನಮ್ಮ ಯೋಜನೆಗಳೆಲ್ಲ ಬಹುಕಾಲ 2011ರ ಅಂಕಿಗಳನ್ನೇ ಆಧರಿಸಬೇಕಾಯಿತು.

ಇನ್ನು ಕಾನೂನಿನ ವಿಷಯ. 1979ರ ಕಾಯಿದೆ ಕಾಗದದ ಮೇಲೆ ಕೃಪಣವಾಗಿರಲಿಲ್ಲ. ಐದು ಮಂದಿ ಪರರಾಜ್ಯದ ಕಾರ್ಮಿಕರಿದ್ದರೂ ಅದು ಅನ್ವಯಿಸುತ್ತಿತ್ತು. ಗುತ್ತಿಗೆದಾರನು ಪರವಾನಗಿ ಪಡೆಯಬೇಕು, ಕಾರ್ಮಿಕನಿಗೆ ಪಾಸ್‌ಬುಕ್ ಕೊಡಬೇಕು, ಪ್ರಯಾಣ ಭತ್ಯೆಯೊಂದಿಗೆ ತಿಂಗಳ ಕೂಲಿಯ ಅರ್ಧದಷ್ಟು ಸ್ಥಳಾಂತರ ಭತ್ಯೆಯನ್ನೂ ಕೊಡಬೇಕು ಎಂದಿತ್ತು. ದೋಷವೆಂದರೆ, ಗುತ್ತಿಗೆದಾರನ ಮೂಲಕ ಹೋದವನಿಗೆ ಮಾತ್ರ ಅದರ ರಕ್ಷಣೆ. ಭಾವನ ಪರಿಚಯದಿಂದಲೋ ಊರಿನವರ ಜೊತೆಯಲ್ಲೋ ರೈಲು ಹತ್ತಿದವನಿಗೆ ಆ ಕಾಯಿದೆ ಇದ್ದೂ ಇಲ್ಲದಂತೆ.

ಹೊಸ ಸಂಹಿತೆ ಈ ದೋಷವನ್ನು ತಿದ್ದಿದೆ. ತಾನಾಗಿಯೇ ಹೋಗಿ ಕೆಲಸಕ್ಕೆ ಸೇರಿದವನನ್ನೂ, ತಿಂಗಳ ಸಂಬಳ 18,000 ರೂಪಾಯಿ ಮೀರದಿದ್ದರೆ, ವಲಸೆ ಕಾರ್ಮಿಕನೆಂದು ಒಪ್ಪಿದೆ. ಊರಿನಲ್ಲಾಗಲಿ ಕೆಲಸದ ಸ್ಥಳದಲ್ಲಾಗಲಿ ಪಡಿತರ ಪಡೆಯುವ ಅನುಕೂಲ, ಊರಿಗೆ ಹೋಗಿಬರಲು ಪ್ರಯಾಣ ಭತ್ಯೆ, ದೂರು ಹೇಳಲು ಉಚಿತ ದೂರವಾಣಿ ಇವೆಲ್ಲವನ್ನೂ ಅದು ಹೇಳುತ್ತದೆ. ಇದು ಸ್ವಾಗತಾರ್ಹ. ಆದರೆ ಐದು ಮಂದಿಯ ಮಿತಿ ಹತ್ತಕ್ಕೇರಿದೆ, ಸ್ಥಳಾಂತರ ಭತ್ಯೆ ಮಾಯವಾಗಿದೆ. ಎಂಟು ಮಂದಿ ದುಡಿಯುವ ಸಣ್ಣ ಹೋಟೆಲಿನ ಹುಡುಗ, ಸ್ವಂತ ಆಟೋ ಓಡಿಸುವ ನಾಗಮಂಗಲದ ಯುವಕ, ಇಬ್ಬರೂ ಈ ವಲಸೆ ನಿಯಮಗಳ ಹೊರಗೇ ಉಳಿಯುತ್ತಾರೆ. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈ ಅಷ್ಟಿಷ್ಟು ಹಿಂದಕ್ಕೆ ಪಡೆದಿದೆ.

ಮತದಾನದ ಸಂಗತಿಯೂ ಇಂಥದೇ. ವಾಸವಿರುವ ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಬಾಡಿಗೆ ಕೋಣೆಯಿಂದ ಬಾಡಿಗೆ ಕೋಣೆಗೆ ಅಲೆಯುವವನು ಹುಟ್ಟೂರಿನ ಹೆಸರನ್ನು ಬಿಡಲು ಹಿಂಜರಿಯುತ್ತಾನೆ. 2022ರ ಡಿಸೆಂಬರಿನಲ್ಲಿ ಚುನಾವಣಾ ಆಯೋಗವು ದೂರದಿಂದಲೇ 72 ಕ್ಷೇತ್ರಗಳ ಮತ ಚಲಾಯಿಸಬಲ್ಲ ಯಂತ್ರವೊಂದನ್ನು ಪ್ರಕಟಿಸಿ, 2023ರ ಜನವರಿ 16ರಂದು ಪಕ್ಷಗಳ ಮುಂದಿಟ್ಟಿತು. ಹಲವು ಪಕ್ಷಗಳು ಆಕ್ಷೇಪಿಸಿದವು. 2024ರ ಲೋಕಸಭಾ ಚುನಾವಣೆ ಅದಿಲ್ಲದೆಯೇ ನಡೆಯಿತು. ಹೊರದೇಶದಲ್ಲಿರುವ ಭಾರತೀಯರಿಗೆ 2010ರ ತಿದ್ದುಪಡಿಯಿಂದ ಮತದ ಹಕ್ಕು ಬಂದರೂ ಖುದ್ದಾಗಿ ಮತಗಟ್ಟೆಗೆ ಬರಬೇಕು. ಬದಲಿ ವ್ಯಕ್ತಿಯ ಮೂಲಕ ಮತ ಹಾಕಿಸುವ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಅಂಗೀಕಾರವಾಗಿ ಅಲ್ಲಿಗೇ ಬಿದ್ದುಹೋಯಿತು. ಎಣಿಕೆಗಾಗಿ ಸಂತ ಜೋಸೆಫರು ತುಂಬು ಗರ್ಭಿಣಿ ಮರಿಯಳೊಡನೆ ಬೆತ್ಲೆಹೇಮಿಗೆ ನಡೆದುಹೋಗಬೇಕಾಯಿತು. ಎರಡು ಸಾವಿರ ವರ್ಷಗಳ ಮೇಲೂ ಹೆಸರು ಬರೆಸಲು, ಮತ ಹಾಕಲು ಬಡವನೇ ಊರಿಗೆ ನಡೆದುಬರಬೇಕಾಗಿದೆ. ಚುನಾವಣೆಯ ಹಿಂದಿನ ರಾತ್ರಿ ಬೆಂಗಳೂರು, ಮುಂಬೈಗಳಿಂದ ನಮ್ಮ ಊರುಗಳಿಗೆ ಬಸ್ಸುಗಳನ್ನು ಕಳುಹಿಸಿ ಕರೆಸಿಕೊಳ್ಳುವವರಿಗೆ ಮರುದಿನ ಆ ಬಸ್ಸಿನಲ್ಲಿ ಬಂದವರ ನೆನಪಿರುವುದಿಲ್ಲ.

ಈ ಕಥೆ ನಮ್ಮ ದೇಶದ್ದು ಮಾತ್ರವಲ್ಲ. ಅಮೆರಿಕದಲ್ಲಿ 1986ರಲ್ಲಿ ಅಧ್ಯಕ್ಷ ರೇಗನ್ ಸಹಿ ಮಾಡಿದ ಕಾನೂನಿನಿಂದ ಸುಮಾರು 27 ಲಕ್ಷ ವಲಸೆಗಾರರಿಗೆ ಅಧಿಕೃತ ನೆಲೆ ದೊರೆಯಿತು. ಅನಂತರ ಪ್ರತಿ ಚುನಾವಣೆಯಲ್ಲೂ ಸಮಗ್ರ ಸುಧಾರಣೆಯ ಮಾತು ಕೇಳಿಬಂದಿದೆ. 2007ರಲ್ಲಿ ಮಸೂದೆ ಸೆನೆಟ್ಟಿನಲ್ಲೇ ನಿಂತಿತು. 2013ರಲ್ಲಿ ಸೆನೆಟ್ 68–32 ಮತಗಳಿಂದ ಅಂಗೀಕರಿಸಿದ ಮಸೂದೆಯನ್ನು ಪ್ರತಿನಿಧಿ ಸಭೆ ಚರ್ಚೆಗೂ ಎತ್ತಿಕೊಳ್ಳಲಿಲ್ಲ. ಯಾವುದೇ ಒಂದು ದೇಶದವರಿಗೆ ವರ್ಷಕ್ಕೆ ಶೇಕಡಾ 7ಕ್ಕಿಂತ ಹೆಚ್ಚು ಗ್ರೀನ್ ಕಾರ್ಡ್ ಇಲ್ಲವೆಂಬ ಮಿತಿಯಿಂದ ಬೆಂಗಳೂರು, ಮೈಸೂರುಗಳ ಎಂಜಿನಿಯರುಗಳ ಕುಟುಂಬಗಳು ವರ್ಷಾನುಗಟ್ಟಲೆ ಕಾಯುತ್ತಿವೆ. ಉದ್ಯೋಗದ ಗ್ರೀನ್ ಕಾರ್ಡಿಗೆ ಅದನ್ನು ತೆಗೆದುಹಾಕುವ ಮಸೂದೆಗೆ 2019ರಲ್ಲಿ ಪ್ರತಿನಿಧಿ ಸಭೆಯಲ್ಲಿ 365 ಮತಗಳು ಬಂದವು. 2020ರ ಡಿಸೆಂಬರಿನಲ್ಲಿ ಸೆನೆಟ್ ಬೇರೊಂದು ರೂಪವನ್ನು ಒಪ್ಪಿತು. ಎರಡೂ ಕೂಡದೆ ಕಾನೂನು ಹುಟ್ಟಲಿಲ್ಲ. ಮುಂಬೈಯ ಹೋಟೆಲ್ ಕೆಲಸಗಾರನಿಗೂ ಅಮೆರಿಕದ ಎಂಜಿನಿಯರಿಗೂ ಸಂಬಳದಲ್ಲಿ ಅಜಗಜಾಂತರ. ಆದರೂ ಇಬ್ಬರಿಗೂ ತಾವು ದುಡಿಯುವ ಸ್ಥಳದಲ್ಲಿ ಮತದ ಬಲವಿಲ್ಲ. ಸಾಮ್ಯವಿರುವುದು ಅಲ್ಲಿಯೇ.

ಸಂತ ತೋಮಸ್ ಅಕ್ವಿನಾಸರು ಮಾತು ಕೊಡುವುದನ್ನು ಕುರಿತು ಒಂದು ಸೂಕ್ಷ್ಮವನ್ನು ತೋರಿಸಿದ್ದಾರೆ. ನಡೆಸುವ ಸಂಕಲ್ಪದಿಂದ ಮಾತು ಕೊಟ್ಟವನು ಸುಳ್ಳುಗಾರನಲ್ಲ. ಆದರೆ ನಡೆಸದೆ ಹೋದರೆ ಅವನು ನಿಷ್ಠೆಗೆ ತಪ್ಪಿದವನು. ರಾಜಕಾರಣಿಗಳೆಲ್ಲ ಸುಳ್ಳುಗಾರರೆಂದು ಕೈತೊಳೆದುಕೊಳ್ಳುವ ನಮ್ಮ ರೂಢಿ ಈ ಭೇದವನ್ನು ಮರೆಸುತ್ತದೆ. ಅವರ ಮನಸ್ಸಿನ ಸಂಕಲ್ಪವನ್ನು ಅಳೆಯಲು ನಮ್ಮಿಂದಾಗದು. ಅಳೆಯಬಹುದಾದದ್ದು ಮಾತಿನ ಆಕಾರವನ್ನು. ಅದಕ್ಕೊಂದು ದಿನಾಂಕವಿದೆಯೆ? ಹಣ ಎಲ್ಲಿಂದೆಂದು ಹೇಳಿದೆಯೆ? ಹೊಣೆ ಹೊರುವ ಅಧಿಕಾರಿ ಯಾರೆಂದಿದೆಯೆ? ಈ ಮೂರೂ ಇಲ್ಲದ ಮಾತು ಹಾರೈಕೆಯಾದೀತು, ವಾಗ್ದಾನವಾಗದು.

ಈ ಅಳತೆಗೋಲು ಸುಳ್ಳಾಗಿಲ್ಲವೆಂಬುದಕ್ಕೆ ಉದಾಹರಣೆಯಿದೆ. 2021ರ ಜೂನ್ 29ರಂದು ಸುಪ್ರೀಂ ಕೋರ್ಟ್ ಅಸಂಘಟಿತ ಕಾರ್ಮಿಕರ ನೋಂದಣಿ ವ್ಯವಸ್ಥೆಗೂ ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಗೂ ಜುಲೈ 31ರ ಗಡುವು ಕೊಟ್ಟಿತು. ಆಗಸ್ಟ್ 26ರಂದು ಇ-ಶ್ರಮ್ ನೋಂದಣಿ ಆರಂಭವಾಯಿತು. ಈಗ ಅದರಲ್ಲಿ 30 ಕೋಟಿಗೂ ಹೆಚ್ಚು ಹೆಸರುಗಳಿವೆ. 2022ರ ಜೂನ್ ವೇಳೆಗೆ ಪಡಿತರದ ಯೋಜನೆ ಎಲ್ಲ ರಾಜ್ಯಗಳನ್ನೂ ಮುಟ್ಟಿತು. ಸ್ವಲ್ಪ ತಡವಾಯಿತು, ಆದರೆ ಆಯಿತು. ದಿನಾಂಕವಿದ್ದದ್ದು ನಡೆಯಿತು, ದಿನಾಂಕವಿಲ್ಲದ್ದು ಉಳಿಯಿತು.

ಇಲ್ಲಿ ನಮ್ಮನ್ನೂ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಪಾಂಡವಪುರ, ಮಂಡ್ಯ ಸುತ್ತಿನ ಆಲೆಮನೆಗಳಲ್ಲಿ ಬೆಲ್ಲ ಕಾಯಿಸುವವರು ಉತ್ತರ ಪ್ರದೇಶ, ಬಿಹಾರಗಳಿಂದ ಬಂದವರು. ಆರೇಳು ಮಂದಿ ದುಡಿಯುವ ಆಲೆಮನೆ ಹೊಸ ಸಂಹಿತೆಯ ಮಿತಿಗೆ ಬಾರದು. ಅವರ ಮಕ್ಕಳಿಗೆ ಶಾಲೆ ಉಂಟೆ, ಸುಟ್ಟ ಕೈಗೆ ಔಷಧ ಉಂಟೆ ಎಂದು ವಿಚಾರಿಸಿದವರು ನಮ್ಮಲ್ಲಿ ಎಷ್ಟು ಮಂದಿ? 1963ರಲ್ಲಿ ಜಗದ್ಗುರು ಇಪ್ಪತ್ತಮೂರನೆಯ ಜಾನ್‌ರವರು 'ಪಾಚೆಮ್ ಇನ್ ತೆರ್ರಿಸ್' ವಿಶ್ವಪತ್ರದಲ್ಲಿ, ಸ್ವದೇಶದೊಳಗೆ ಎಲ್ಲಿಯಾದರೂ ನೆಲಸುವುದು ಮನುಷ್ಯನ ಹಕ್ಕೆಂದು ಸಾರಿದರು. ನಮ್ಮ ಸಂವಿಧಾನದ 19ನೆಯ ವಿಧಿಯೂ ಅದನ್ನೇ ಹೇಳುತ್ತದೆ. ಮುಂಬೈಯಲ್ಲಿ ನಮ್ಮ ಮಗನಿಗಾಗಿ ಕೇಳುವ ನ್ಯಾಯವನ್ನು ನಮ್ಮ ಆಲೆಮನೆಯಲ್ಲಿರುವ ಪರರ ಮಗನಿಗೆ ನಿರಾಕರಿಸುವಂತಿಲ್ಲ.

ಹಾಗಾದರೆ ಭವಿಷ್ಯವೇನು? ಸಂಹಿತೆಯ ಫಲ ಬಹುಮಟ್ಟಿಗೆ ರಾಜ್ಯಗಳ ನಿಯಮಗಳನ್ನೂ ಪರಿವೀಕ್ಷಣೆಯನ್ನೂ ಅವಲಂಬಿಸಿದೆ. ದೂರ ಮತದಾನ ಬೇಗನೆ ಬಂದೀತೆಂಬ ಲಕ್ಷಣವಿಲ್ಲ. ಆದುದರಿಂದ ಊರು ಬಿಟ್ಟವರ ಪರವಾಗಿ ಕೇಳುವ ಹೊಣೆ ಊರಿನಲ್ಲಿ ಉಳಿದವರ ಮೇಲಿದೆ. ಮತವಿರುವುದು ನಮ್ಮ ಕೈಯಲ್ಲಿ. ಬಿಹಾರದಲ್ಲಿ 2025ರಲ್ಲಿ ಮತದಾರರ ಪಟ್ಟಿಯ ಪರಿಷ್ಕರಣೆಯಾದಾಗ ಕರಡಿನಿಂದ ಬಿಟ್ಟುಹೋದ 65 ಲಕ್ಷ ಹೆಸರುಗಳಲ್ಲಿ ಸುಮಾರು 36 ಲಕ್ಷವನ್ನು ಸ್ಥಳಾಂತರಗೊಂಡವರು ಅಥವಾ ಸಿಗದವರು ಎಂದು ತೋರಿಸಲಾಯಿತು. ಹೊರಗಿರುವ ಮಕ್ಕಳ ಹೆಸರು ಪಟ್ಟಿಯಲ್ಲಿದೆಯೆ ಎಂಬುದನ್ನು ಮನೆಯ ಹಿರಿಯರು ಈಗಲೇ ನೋಡಲಿ. ಅವರು ಇ-ಶ್ರಮ್‌ನಲ್ಲಿ ನೋಂದಾಯಿಸಿಕೊಂಡಿದ್ದಾರೆಯೆ, ಪಡಿತರ ಚೀಟಿಗೆ ಆಧಾರ್ ಜೋಡಣೆಯಾಗಿದೆಯೆ ಎಂದು ವಿಚಾರಿಸಲಿ. ಹೊರಗೆ ದುಡಿಯುತ್ತಿರುವವರ ಪಟ್ಟಿಯೊಂದನ್ನು ಗ್ರಾಮ ಪಂಚಾಯಿತಿ ಇಡಬೇಕೆಂದು ಗ್ರಾಮಸಭೆಯಲ್ಲಿ ಒತ್ತಾಯಿಸಲಿ.

ಮುಂದಿನ ಬಾರಿ ಅಭ್ಯರ್ಥಿಯೊಬ್ಬರು ಮನೆಯ ಜಗಲಿಗೆ ಬಂದು ಕೈಮುಗಿದಾಗ, ನೀರು ಕೊಟ್ಟು ಕೂರಿಸಿ ಗೌರವದಿಂದಲೇ ಕೇಳೋಣ: ನಮ್ಮ ಮಗ ಮುಂಬೈಯಲ್ಲಿದ್ದಾನೆ, ಅವನಿಗಾಗಿ ಏನು ಮಾಡುವಿರಿ, ಯಾವ ದಿನಾಂಕದೊಳಗೆ, ಯಾವ ಹಣದಿಂದ, ಯಾವ ಅಧಿಕಾರಿಯ ಮೂಲಕ? ಉತ್ತರವನ್ನು ಬರೆದಿಟ್ಟುಕೊಳ್ಳೋಣ. ಐದು ವರ್ಷಗಳ ಮೇಲೆ ಅವರು ಮತ್ತೆ ಬಂದಾಗ ಆ ಕಾಗದವನ್ನು ಅವರ ಮುಂದಿಡೋಣ.