ಕೈಗೆ ಮೊದಲು ಕಾಲು ಕಲಿಯಲಿ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಸೀಮೆಯಲ್ಲಿ ಸಮಾಳದ ಸದ್ದಿಲ್ಲದ ಉತ್ಸವವುಂಟೆ? ಕೊಟ್ಟೂರಿನ ಶ್ರೀ ಗುರುಬಸವೇಶ್ವರರ ರಥೋತ್ಸವವಿರಲಿ, ಉಜ್ಜಿನಿಯ ಶ್ರೀ ಮರುಳಸಿದ್ಧೇಶ್ವರರ ಜಾತ್ರೆಯಿರಲಿ, ಹಳ್ಳಿಯ ಬಸವಣ್ಣನ ಪಲ್ಲಕ್ಕಿಯಿರಲಿ, ನಂದಿಕೋಲು ಎದ್ದಿತೆಂದರೆ ಸಮಾಳ ನುಡಿಯಲೇಬೇಕು. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಸೇರಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಐದೂ ತಾಲ್ಲೂಕುಗಳು ಅದಕ್ಕೆ ಸೇರಿದವು. ಆಡಳಿತದ ಗಡಿ ಹೀಗೆ ಅತ್ತಿತ್ತ ಸರಿದರೂ ಸಮಾಳದ ನಂಟು ಮಾತ್ರ ಕಡಿಯಲಿಲ್ಲ.

ಆದರೆ ಈ ವಾದ್ಯವನ್ನು ನಮ್ಮ ಮಕ್ಕಳು ಕಲಿಯುತ್ತಿರುವ ಬಗೆ ಹೇಗಿದೆ? ಈ ತಿಂಗಳು ಅದನ್ನೇ ಕುರಿತು ನಾಲ್ಕು ಮಾತು.

ನಮ್ಮ ಮನೆಯ ಹುಡುಗನೊಬ್ಬ ಜಾತ್ರೆಗೆ ಎಂಟು ದಿನವಿರುವಾಗ ಸಮಾಳ ಕಟ್ಟಿಕೊಂಡ. ಮನೆಯವರಾದ ನಾವು ಹಿಗ್ಗಿದೆವು. 'ಇನ್ನೂ ಜೋರಾಗಿ ಬಾರಿಸೋ' ಎಂದು ಹುರಿದುಂಬಿಸಿದೆವು. ಉತ್ಸವ ಹೊರಟು ಒಂದು ತಾಸಾಗುವಷ್ಟರಲ್ಲಿ ಅವನ ಅಂಗೈಯಲ್ಲಿ ಬೊಬ್ಬೆಗಳೆದ್ದವು, ಎಡಗೈ ಹಿಂದೆ ಬಿತ್ತು, ಪೆಟ್ಟು ತಪ್ಪಿತು. ಆಗಲೇ ಎದುರಿಗೆ ನಂದಿಕೋಲು ಹೊತ್ತಿದ್ದವರ ಹೆಜ್ಜೆಯೂ ತೊಡರಿತು. ಪಕ್ಕದವರು ಕೋಲಿಗೆ ಕೈಕೊಟ್ಟು ಹಿಡಿದುದರಿಂದ ಅನಾಹುತ ತಪ್ಪಿತು. ಮೇಳದ ಹಿರಿಯರೊಬ್ಬರು ಬಂದು ಹುಡುಗನನ್ನು ಬಯ್ಯಲಿಲ್ಲ. "ತಮ್ಮಾ, ಒಂದು ತಿಂಗಳು ಸಮಾಳ ಮುಟ್ಟಬ್ಯಾಡ. ಮೊದಲು ನಡಿಯೋದು ಕಲಿ" ಎಂದಷ್ಟೇ ಹೇಳಿದರು.

ಆ ಮಾತಿನ ಅರ್ಥ ನಮಗೆ ಆಮೇಲೆ ತಿಳಿಯಿತು. ನಂದಿಕೋಲು ಹಲವು ಅಡಿ ಎತ್ತರದ, ಬಹಳ ಭಾರದ ಕೋಲು. ಅದನ್ನು ಹೊತ್ತು ಕುಣಿಯುವವರ ಕಣ್ಣು ಮೇಲಿರುತ್ತದೆ. ಅವರ ಕಾಲಿಗೆ ದಾರಿ ತೋರುವುದು ಸಮಾಳದ ಪೆಟ್ಟು. ಆದ್ದರಿಂದ ಬಾರಿಸುವವನ ಕೈ ಕೇವಲ ಅವನದಲ್ಲ. ಅದನ್ನು ನಂಬಿ ಇನ್ನೊಬ್ಬರು ಹೆಜ್ಜೆಯಿಡುತ್ತಾರೆ.

ಹಿರಿಯರು ಕಲಿಸಿದ ಕ್ರಮ ಸರಳವಾದುದು. ಮೊದಲು ಬರಿಗಾಲಿನಲ್ಲಿ ನಿಂತು, ಮಂಡಿಗಳನ್ನು ತುಸು ಸಡಿಲಬಿಟ್ಟು, ಬಾಯಲ್ಲಿ ನಾಲ್ಕರ ಎಣಿಕೆ ಹೇಳುತ್ತ ಬಲ-ಎಡ ಹೆಜ್ಜೆ ಹಾಕಬೇಕು. ಹೆಜ್ಜೆ ತಪ್ಪದಂತಾದ ಮೇಲೆ ಚಪ್ಪಾಳೆ ಕೂಡಿಸಬೇಕು. ಚಪ್ಪಾಳೆಯೂ ಕೂಡಿಬಂದ ಮೇಲೆಯೇ ಕೋಲು ಹಿಡಿಯಬೇಕು. ವಾದ್ಯದ ಭಾರವನ್ನು ಕೊರಳೊಂದಕ್ಕೇ ಬಿಡದೆ ನಡುವಿಗೂ ಹಂಚಿ ಬಿಗಿಯಬೇಕು. ಬಾಗುವುದು, ತಿರುಗುವುದು ಇವೆಲ್ಲ ಕಟ್ಟಕಡೆಗೆ.

ಇನ್ನು ಕೈಯ ವಿಷಯ. ಕೋಲನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಉಳಿದ ಬೆರಳುಗಳನ್ನು ಸಡಿಲವಾಗಿ ಸುತ್ತಿರಬೇಕು. ಪೆಟ್ಟು ಭುಜದಿಂದ ಬೀಳಬಾರದು, ಮಣಿಕಟ್ಟಿನಿಂದ ಬೀಳಬೇಕು. ಚರ್ಮಕ್ಕೆ ತಗುಲಿದ ಕೋಲು ತಾನೇ ಪುಟಿದೇಳಬೇಕು. ಬಿಗಿಮುಷ್ಟಿ ಆ ಪುಟಿತವನ್ನು ಕೊಂದು, ಬೊಬ್ಬೆಯನ್ನೂ ನೋವನ್ನೂ ತರುತ್ತದೆ. ನೋವು ಕಾಣಿಸಿದೊಡನೆ ನಿಲ್ಲಿಸುವುದು ಹೇಡಿತನವಲ್ಲ, ವಿವೇಕ. ಬಲಗೈ ಹತ್ತು ಸಲ ಮಾಡಿದ್ದನ್ನು ಎಡಗೈಯೂ ಹತ್ತು ಸಲ ಮಾಡಬೇಕು, ಎಣಿಕೆಯನ್ನು ಎಡಗೈಯಿಂದ ಆರಂಭಿಸಿಯೂ ನೋಡಬೇಕು. ಮನೆಯಲ್ಲಿ ಮಡಿಸಿದ ಕಂಬಳಿಯ ಮೇಲೆ ಅಭ್ಯಾಸ ಮಾಡಿದರೆ ನೆರೆಯವರಿಗೆ ತೊಂದರೆಯಿಲ್ಲ; ಕಂಬಳಿ ಕೋಲನ್ನು ಪುಟಿಸದ ಕಾರಣ ಮಣಿಕಟ್ಟು ತಾನೇ ಎತ್ತಲು ಕಲಿಯುತ್ತದೆ. ನಿಧಾನದಲ್ಲಿ ತಪ್ಪದಂತಾದ ಮೇಲಷ್ಟೇ ವೇಗ ಹೆಚ್ಚಿಸಬೇಕು. ತಪ್ಪಿದರೆ ನಾಚದೆ ಹಿಂದಿನ ವೇಗಕ್ಕೆ ಮರಳಬೇಕು. ದಿನಕ್ಕೆ ಕಾಲುಗಂಟೆಯಾದರೂ ಸಾಕು, ಆದರೆ ದಿನವೂ ಆಗಬೇಕು.

ಕೈಕಾಲುಗಳ ಈ ಹೊಂದಾಣಿಕೆ ಎಲ್ಲೆಡೆಯ ವಾದಕರಿಗೂ ಬೇಕಾದುದೇ. ಅಮೆರಿಕದ ಷಿಕಾಗೊ ನಗರದಲ್ಲಿ 1909ರ ಸುಮಾರಿಗೆ ವಿಲಿಯಂ ಲುಡ್ವಿಗ್ ಎಂಬುವರು ದೊಡ್ಡ ಡ್ರಮ್ಮನ್ನು ಕಾಲಿನಿಂದ ಬಡಿಯುವ ಪೆಡಲೊಂದನ್ನು ಸುಧಾರಿಸಿ ತಯಾರಿಸಿದರು. ಅಂದಿನಿಂದ ಪಾಶ್ಚಾತ್ಯ ಡ್ರಮ್ ವಾದಕರು ಕುಳಿತಲ್ಲೇ ಕಾಲಿಗೂ ಪಾಠ ಕಲಿಸುತ್ತಿದ್ದಾರೆ. ನಮ್ಮವರ ಕಾಲು ವಾದ್ಯವನ್ನು ಬಡಿಯುವುದಿಲ್ಲ, ನೆಲವನ್ನು ಮುಟ್ಟಿ ಲಯವನ್ನು ಕಾಯುತ್ತದೆ. ಅಲ್ಲಿಯಾಗಲಿ ಇಲ್ಲಿಯಾಗಲಿ, ಕಾಲು ಅವಸರಪಟ್ಟರೆ ಕೈ ಕೆಡುತ್ತದೆ.

'ತಾಳದ ಲೆಕ್ಕ ತಮಗೆ ತಿಳಿಯದೆಂದು ಬಸವಣ್ಣನವರೇ ವಚನದಲ್ಲಿ ಹೇಳಿಲ್ಲವೆ? ಭಕ್ತಿಯೊಂದಿದ್ದರೆ ಸಾಲದೆ?' ಎಂದು ಕೆಲವರು ಕೇಳಬಹುದು. ಅದು ಒಬ್ಬ ಭಕ್ತ ತನ್ನ ದೇವನೆದುರು ಒಬ್ಬನೇ ನಿಂತು ಆಡಿದ ವಿನಯದ ಮಾತು. ಹತ್ತು ಜನ ಕೂಡಿ ಬಾರಿಸುವ ಮೇಳದಲ್ಲಿ ಅದನ್ನು ಸೋಮಾರಿತನಕ್ಕೆ ನೆವ ಮಾಡಿಕೊಳ್ಳಬಾರದು. ಕಾಯಕವೆಂದು ಹಿಡಿದ ಕೆಲಸದಲ್ಲಿ ಅರೆಮನಸ್ಸು ಸಲ್ಲದೆಂಬುದೇ ಶರಣರ ಬಾಳು ಕಲಿಸಿದ ಪಾಠವಲ್ಲವೆ? ಚರ್ಮವನ್ನು ಹದಮಾಡುತ್ತಿದ್ದ ಡೋಹರ ಕಕ್ಕಯ್ಯನವರು ಅನುಭವ ಮಂಟಪದ ಶರಣರ ಸಾಲಿನಲ್ಲಿ ಕುಳಿತವರು. ಚರ್ಮವಾದ್ಯವನ್ನು ಕೈಗೆತ್ತಿಕೊಳ್ಳುವಾಗ ಅದರ ಹಿಂದಿರುವ ಆ ಕಾಯಕವನ್ನೂ ನೆನೆಯೋಣ.

ನಮ್ಮ ಹುಡುಗ ತಿಂಗಳಲ್ಲ, ಮೂರು ತಿಂಗಳು ಹಿರಿಯರ ಮನೆಯಂಗಳದಲ್ಲಿ ನಡೆದ. ಮರುವರ್ಷ ಅವನು ಮೇಳದ ನಡುವೆ ನಿಂತಾಗ ಅವನ ಪೆಟ್ಟು ಬೇರೆಯಾಗಿ ಕೇಳಿಸಲಿಲ್ಲ. ಎಲ್ಲರ ಪೆಟ್ಟಿನಲ್ಲಿ ಬೆರೆತುಹೋಗಿತ್ತು. ಹಿರಿಯರು ತಲೆದೂಗಿದರು. ಅದಕ್ಕಿಂತ ದೊಡ್ಡ ಬಿರುದು ಬೇರೊಂದು ಬೇಕೆ?

ಇಂತಹ ಹಿರಿಯರು ಚಿರಕಾಲ ನಮ್ಮೊಡನಿರುವುದಿಲ್ಲ. ಜಾತ್ರೆಯ ದಿನ ಅವರಿಗೆ ಶಾಲು ಹೊದಿಸಿದರೆ ನಮ್ಮ ಹೊಣೆ ಮುಗಿಯಿತೆಂದು ತಿಳಿಯಬಾರದು. ಜಾತ್ರೆ ಮುಗಿದ ಮರುವಾರವೇ ಮಕ್ಕಳನ್ನು ಅವರ ಅಂಗಳಕ್ಕೆ ಕಳುಹಿಸೋಣ. ಗಂಡುಮಗುವೇ ಆಗಬೇಕೆಂಬ ನಿಯಮವೂ ಬೇಡ. 'ಜೋರಾಗಿ ಬಾರಿಸು' ಎನ್ನುವ ಬದಲು 'ಕೂಡಿ ಬಾರಿಸು' ಎಂದು ಹೇಳಿಕೊಡೋಣ.