ಕಲಬುರಗಿಗೆ ಎಂಇಜಿ ಯಂತ್ರ ಬೇಕೇ?

ಪರ

ಮೂರ್ಛೆರೋಗಿಗಳಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಮಾತ್ರೆಯಿಂದ ಫಿಟ್ಸ್ ಹತೋಟಿಗೆ ಬರುವುದಿಲ್ಲ. ಅವರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯೇ ದಾರಿ. ಅದಕ್ಕೆ ಫಿಟ್ಸ್ ಹುಟ್ಟುವ ಜಾಗ ಖಚಿತವಾಗಿ ಗೊತ್ತಾಗಬೇಕು. ತಲೆಗೆ ವೈರು ಅಂಟಿಸಿ ತೆಗೆಯುವ ಇಇಜಿ ಇಲ್ಲಿ ತಡವರಿಸುವುದುಂಟು. ತಲೆಬುರುಡೆಯ ಮೂಳೆಯಲ್ಲಿ ವಿದ್ಯುತ್ ಸರಾಗವಾಗಿ ಹರಿಯದೆ ಸಂಕೇತ ಹರಡಿ ಮಸುಕಾಗುತ್ತದೆ. ಅದೇ ನರಕೋಶಗಳ ಪ್ರವಾಹ ಹುಟ್ಟಿಸುವ ಕಾಂತಕ್ಷೇತ್ರಕ್ಕೆ ಮೂಳೆ ಅಡ್ಡಿಯೇ ಅಲ್ಲ. ವಿಜ್ಞಾನಿ ಡೇವಿಡ್ ಕೋಹೆನ್ 1968ರಲ್ಲಿ ಮೊದಲು ಅಳೆದ ಆ ಕ್ಷೇತ್ರವನ್ನು ಇಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎಂಇಜಿ ಯಂತ್ರದಿಂದ ದಾಖಲಿಸುತ್ತಾರೆ. ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ಸುತ್ತಲ ಓಣಿಗಳವರಿಗೂ ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವವರಿಗೂ ಅದು ಸುಮಾರು 600 ಕಿ.ಮೀ. ದೂರ. ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಪಡೆದ ಪ್ರದೇಶ ಇಂಥ ಯಂತ್ರವನ್ನು ಕೇಳುವುದರಲ್ಲಿ ತಪ್ಪೇನಿದೆ?

ವಿರೋಧ

ಕೇಳುವುದು ತಪ್ಪಲ್ಲ, ಆದರೆ ಮೊದಲು ಕೇಳಬೇಕಾದ್ದು ಇದಲ್ಲ. ಮೆದುಳಿನ ಕಾಂತಕ್ಷೇತ್ರ ಸುಮಾರು 100 ಫೆಮ್ಟೊಟೆಸ್ಲಾ. ಭೂಮಿಯದು ಅದರ 40 ಕೋಟಿ ಪಟ್ಟು. ಇಷ್ಟು ಕ್ಷೀಣವಾದದ್ದನ್ನು ಹಿಡಿಯಲು ವಿಶೇಷ ಲೋಹದ ಗೋಡೆಗಳ ಕೋಣೆ ಬೇಕು, ಸಂವೇದಕಗಳನ್ನು ಮೈನಸ್ 269 ಡಿಗ್ರಿಯಲ್ಲಿಡುವ ದ್ರವ ಹೀಲಿಯಂ ಬೇಕು. ಹೀಲಿಯಂ ಬೇಡದ ಹೊಸ ಸಂವೇದಕಗಳು ಬಂದಿವೆಯಲ್ಲ ಎನ್ನಬಹುದು. ನಿಜ, ಆದರೆ ಅವುಗಳಿಗೂ ಆ ಕೋಣೆ ತಪ್ಪಿದ್ದಲ್ಲ.

ಖರ್ಚಿಗಿಂತ ನನಗೆ ಮುಖ್ಯವೆನಿಸುವುದು ಕಾಣ್ಕೆಯ ಮಿತಿ. ಮೆದುಳಿನ ಮಡಿಕೆಗಳ ಗೋಡೆಯಲ್ಲಿ ಹುಟ್ಟಿ ಬುರುಡೆಗೆ ಸಮಾಂತರವಾಗಿ ಹರಿವ ಪ್ರವಾಹವನ್ನು ಎಂಇಜಿ ಚೆನ್ನಾಗಿ ಗುರುತಿಸುತ್ತದೆ. ಬುರುಡೆಗೆ ನೇರ ಲಂಬವಾಗಿ ಹರಿಯುವುದು ಅದಕ್ಕೆ ಬಹುಮಟ್ಟಿಗೆ ಅಗೋಚರ. ಇಇಜಿ ಎರಡನ್ನೂ, ಮಸುಕಾಗಿಯಾದರೂ, ಕಾಣುತ್ತದೆ. ಎಂಇಜಿಯಲ್ಲಿ ಸಾಮಾನ್ಯವಾಗಿ ಒಂದೆರಡು ಗಂಟೆ ತಲೆ ಅಲುಗಿಸದೆ ಇರಬೇಕು, ಅಷ್ಟರಲ್ಲೇ ಫಿಟ್ಸ್ ಬರುವ ಭರವಸೆಯಿಲ್ಲ. ವಿಡಿಯೊ ಇಇಜಿಯಾದರೆ ಮಗು ಮಂಚದ ಮೇಲೆ ಆಡಿಕೊಂಡಿರುವಾಗಲೂ ದಿನಗಟ್ಟಲೆ ಕಾದು, ಫಿಟ್ಸ್ ಬಂದಾಗಲೇ ಅದನ್ನು ಹಿಡಿದಿಡುತ್ತದೆ. ತೀವ್ರ ನಿಗಾ ಘಟಕದಲ್ಲಿ ಪ್ರಜ್ಞೆ ತಪ್ಪಿ ಮಲಗಿದವರ ಹಾಸಿಗೆಯ ಬಳಿಗೂ ಅದನ್ನು ಒಯ್ಯಬಹುದು.

ಇಇಜಿ ಸೋಲುವ ಕಡೆ ಎಂಇಜಿ ಗೆಲ್ಲುತ್ತದೆ ಎಂಬ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಆ ಸರದಿ ಬರುವುದು ಇಇಜಿ, ಎಂಆರ್‌ಐ ಎರಡೂ ಮುಗಿದ ಮೇಲೂ ಜಾಗ ಸಿಗದ ಕೆಲವರಿಗೆ. ಪಂಕ್ತಿಯಲ್ಲಿ ಕೂತ ಎಲ್ಲರಿಗೂ ಅನ್ನ ಎಂಬ ದಾಸೋಹವನ್ನು ಶರಣಬಸವೇಶ್ವರರಿಂದ ಕಲಿತ ಊರು ಇದು. ಅದೇ ನ್ಯಾಯದಂತೆ ಮೊದಲು ಈ ಭಾಗದ ಸರ್ಕಾರಿ ಆಸ್ಪತ್ರೆಗಳಲ್ಲಿ ಹಗಲಿರುಳು ವಿಡಿಯೊ ಇಇಜಿ ನಡೆಯಲಿ, ಅದನ್ನು ಓದಬಲ್ಲ ತಂತ್ರಜ್ಞರೂ ನರರೋಗ ತಜ್ಞರೂ ನೇಮಕವಾಗಲಿ. ಎಂಇಜಿಯೇ ಬೇಕೆಂದು ವೈದ್ಯರು ಬರೆದುಕೊಟ್ಟ ರೋಗಿಗೂ ಜೊತೆಗೆ ಹೋಗುವ ಮನೆಯವರಿಗೂ ಬೆಂಗಳೂರಿನ ರೈಲು, ವಸತಿ, ಊಟದ ಖರ್ಚನ್ನು ಸರ್ಕಾರ ಭರಿಸಲಿ.