ರಾಜಭವನವೂ ಪ್ರಜಾಮತವೂ

ಬೆಂಗಳೂರಿನ ರಾಜಭವನವನ್ನು ಕಟ್ಟಿಸಿದವರು ಕನ್ನಡ ನಾಡಿನ ಪ್ರಜೆಗಳಿಗೆ ಯಾವ ವಿಧದಲ್ಲಿಯೂ ಉತ್ತರ ಹೇಳಬೇಕಾದವರಾಗಿರಲಿಲ್ಲ. ಮೈಸೂರು ಸಂಸ್ಥಾನದ ಆಡಳಿತವನ್ನು 1831ರಲ್ಲಿ ಅರಸರ ಕೈಯಿಂದ ಕಂಪನಿಯವರು ಕಿತ್ತುಕೊಂಡ ತರುವಾಯ, ಕಮಿಷನರರಾಗಿ ಬಂದ ಮಾರ್ಕ್ ಕಬ್ಬನ್ ಎಂಬ ಸೇನಾಧಿಕಾರಿಯು 1840ರ ಸುಮಾರಿಗೆ ತನ್ನ ವಾಸಕ್ಕಾಗಿ ಆ ಬಂಗಲೆಯನ್ನು ಎಬ್ಬಿಸಿದನು. 1881ರಲ್ಲಿ ಸಂಸ್ಥಾನವು ಮರಳಿ ಒಡೆಯರಿಗೆ ದೊರೆತಾಗ ಅದೇ ಬಂಗಲೆಯು ರೆಸಿಡೆನ್ಸಿ ಎನಿಸಿ, ಸಿಂಹಾಸನದ ಮೇಲೆ ಕಣ್ಣಿಟ್ಟಿರಲು ಕಲ್ಕತ್ತೆಯಿಂದ ನೇಮಕಗೊಂಡ ಬ್ರಿಟಿಷ್ ರೆಸಿಡೆಂಟನ ಬಿಡಾರವಾಯಿತು. ಮನೆಯ ಜಾತಕವನ್ನು ನಾವು ಇಲ್ಲಿ ಬಿಚ್ಚಿರುವುದು ಕೇವಲ ವಿನೋದಕ್ಕಲ್ಲ. ಹೊರಗಿನ ಸರ್ಕಾರವೊಂದರ ಕಣ್ಣಾಗಿ ಕುಳಿತಿದ್ದವನ ಮನೆಯಲ್ಲಿ ಇಂದು ಕುಳಿತುಕೊಳ್ಳುವ ರಾಜ್ಯಪಾಲರು ಯಾರ ಕಣ್ಣು, ಯಾರ ಕೈ ಎಂಬ ಪ್ರಶ್ನೆಯು ಗಣರಾಜ್ಯವು ಹುಟ್ಟಿ ಮುಕ್ಕಾಲು ಶತಮಾನ ಕಳೆದ ಮೇಲೆಯೂ ಇತ್ಯರ್ಥವಾಗದೆ ಉಳಿದಿದೆ. ಈ ಪ್ರಶ್ನೆಯು ವಕೀಲರಿಗೂ ಮಂತ್ರಿಗಳಿಗೂ ಮಾತ್ರ ಸಂಬಂಧಿಸಿದುದೆಂದು ವಾಚಕರು ಉದಾಸೀನ ಮಾಡಬಾರದೆಂದು ನಮ್ಮ ಬಿನ್ನಹ. ಬಿಸಿಲಿನಲ್ಲಿ ಸಾಲುಗಟ್ಟಿ ನಿಂತು ಓಟು ಹಾಕಿದವನ ಓಟಿನ ಬೆಲೆ ಎಷ್ಟೆಂಬುದು ಒಮ್ಮೊಮ್ಮೆ ಆ ಬಂಗಲೆಯೊಳಗೆ ನಿಶ್ಚಯವಾಗಿದೆ.

ರಾಜ್ಯಾಂಗವನ್ನು ರಚಿಸಿದ ಹಿರಿಯರ ಮೊದಲ ಆಲೋಚನೆಯು ಬೇರೆಯಾಗಿದ್ದಿತು. 1947ರ ಜುಲೈ ತಿಂಗಳಲ್ಲಿ ರಾಜ್ಯಾಂಗ ಸಭೆಯು ಪ್ರಾಂತದ ಗವರ್ನರನನ್ನು ಪ್ರಜೆಗಳೇ ಆರಿಸಬೇಕೆಂದು ಒಪ್ಪಿತ್ತು. ಎರಡು ವರ್ಷಗಳೊಳಗೆ ಮನಸ್ಸು ತಿರುಗಿತು. ದೇಶವು ಒಡೆದು, ನೆತ್ತರು ಹರಿದು, ಸಂಸ್ಥಾನಗಳನ್ನು ಹೊಲಿದು ಸೇರಿಸುವ ಕಾರ್ಯವು ಇನ್ನೂ ನಡೆಯುತ್ತಿದ್ದಾಗ ದಿಲ್ಲಿಯ ಕೈಯನ್ನು ಸಡಿಲಿಸುವುದು ಕ್ಷೇಮವಲ್ಲವೆಂದು ನೇತಾರರಿಗೆ ತೋರಿತು. ಪ್ರಜೆಗಳಿಂದ ಆರಿಸಲ್ಪಟ್ಟ ಗವರ್ನರನು ಪ್ರಜೆಗಳಿಂದಲೇ ಆರಿಸಲ್ಪಟ್ಟ ಮುಖ್ಯಮಂತ್ರಿಗೆ ಪ್ರತಿಸ್ಪರ್ಧಿಯಾಗುವನೆಂಬ ವಾದವೂ ಇತ್ತು. ಅದರಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಕಡೆಗೆ 1949ರ ಮೇ ತಿಂಗಳ ಕೊನೆಯಲ್ಲಿ ಚುನಾವಣೆಯನ್ನು ಕೈಬಿಟ್ಟು ರಾಷ್ಟ್ರಪತಿಗಳ ನೇಮಕವನ್ನು ಸಭೆಯು ಅಂಗೀಕರಿಸಿತು. ಗವರ್ನರನು ತನ್ನ ಸ್ವಂತ ವಿವೇಚನೆಯಿಂದ ನಡೆಸಬೇಕಾದ ಕಾರ್ಯಗಳು ಬಹು ವಿರಳವೆಂದೂ, ಮಂತ್ರಿಮಂಡಲದ ಸಲಹೆಯಂತೆ ನಡೆಯುವುದೇ ಅವನ ಧರ್ಮವೆಂದೂ ಡಾಕ್ಟರ್ ಅಂಬೇಡ್ಕರರು ಸಮಾಧಾನ ಹೇಳಿದರು. ದಿಲ್ಲಿಯಲ್ಲಿ ಒಂದು ಪಕ್ಷವೂ ರಾಜ್ಯದಲ್ಲಿ ಮತ್ತೊಂದು ಪಕ್ಷವೂ ಅಧಿಕಾರದಲ್ಲಿದ್ದಾಗ ಈ ನೇಮಕಗೊಂಡ ಪುರುಷನು ಯಾರ ಪಕ್ಷವನ್ನು ವಹಿಸುವನೆಂದು ಕೆಲವು ಸದಸ್ಯರು ಅಂದೇ ಶಂಕಿಸಿದ್ದರು. ಎಲ್ಲೆಲ್ಲಿಯೂ ಒಂದೇ ಪಕ್ಷವಿದ್ದ ಕಾಲದಲ್ಲಿ ಆ ಶಂಕೆಯು ಅರಣ್ಯರೋದನವಾದುದು ಆಶ್ಚರ್ಯವಲ್ಲ.

ನಮ್ಮ ನಾಡಿನ ಮಟ್ಟಿಗೆ ಈ ಪದವಿಯ ಆರಂಭವು ಮಂಗಳಕರವಾಗಿಯೇ ಇತ್ತೆಂದು ಹೇಳಬೇಕು. ಶ್ರೀ ಜಯಚಾಮರಾಜೇಂದ್ರ ಒಡೆಯರವರು 1947ರ ಆಗಸ್ಟಿನಲ್ಲಿ ಭಾರತಕ್ಕೆ ಸೇರ್ಪಡೆಯ ಪತ್ರಕ್ಕೆ ಸಹಿಮಾಡಿದರು. ಆದರೆ ಜವಾಬ್ದಾರಿ ಸರ್ಕಾರವು ತಾನಾಗಿ ಬರಲಿಲ್ಲ. ‘ಮೈಸೂರು ಚಲೋ’ ಎಂದು ಜನರು ಬೀದಿಗಿಳಿದು ಸೆರೆಮನೆಗಳನ್ನು ತುಂಬಿದ ಮೇಲೆ, ಆ ವರ್ಷದ ಅಕ್ಟೋಬರಿನಲ್ಲಿ ಶ್ರೀ ಕೆ. ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. 1950ರ ಜನವರಿ 26ರಂದು ಮಹಾರಾಜರು ರಾಜಪ್ರಮುಖರಾದರು. 1956ರ ನವೆಂಬರ್ 1ರಂದು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರು ಒಂದು ಸೂರಿನಡಿಗೆ ಬಂದಾಗ, ರಾಜಪ್ರಮುಖ ಪದವಿಯೇ ಅಳಿದು, ಅವರು ಗವರ್ನರರಾದರು. ಧಾರವಾಡದವನಿಗೂ ಕಲಬುರ್ಗಿಯವನಿಗೂ ಮಂಗಳೂರಿನವನಿಗೂ ಒಡೆಯರ ಮನೆತನವು ಪರಕೀಯವಾಗಿದ್ದರೂ ಆ ದಿನ ಅವರನ್ನು ಒಲ್ಲೆನೆಂದವರು ಕಡಮೆ. ಅಧಿಕಾರವನ್ನು ಅನುಭವಿಸಿದವನು ಅಧಿಕಾರವಿಲ್ಲದ ಗೌರವವನ್ನು ಧರಿಸಿ ಕುಳಿತುಕೊಳ್ಳುವುದು ಸುಲಭವಲ್ಲ. 1964ರ ಮೇ ತಿಂಗಳ ವರೆಗೆ ಅವರು ಆ ಗೌರವವನ್ನು ಕಾಪಾಡಿಕೊಂಡು, ಬಳಿಕ ಮದರಾಸಿನ ಗವರ್ನರರಾಗಿ ತೆರಳಿದರು. ಸಂಗೀತದ ಕೃತಿಗಳನ್ನು ರಚಿಸಿದ ಗವರ್ನರು ಅವರೊಬ್ಬರೇ ಇರಬೇಕು!

ಆದರೆ ಒಂದು ಮಾತನ್ನು ಮರೆಮಾಚಬಾರದು. ಅವರ ಕಾಲದಲ್ಲಿ ಗವರ್ನರ್ ಪದವಿಯು ಪರೀಕ್ಷೆಗೆ ಗುರಿಯಾಗಲಿಲ್ಲ. ಶ್ರೀ ನಿಜಲಿಂಗಪ್ಪನವರು ಇಳಿದು ಶ್ರೀ ಜತ್ತಿಯವರು ಬಂದರು, ಕಂಠಿಯವರು ಕೆಲವು ತಿಂಗಳಿದ್ದರು, ಮತ್ತೆ ನಿಜಲಿಂಗಪ್ಪನವರೇ ಬಂದರು; ಇವೆಲ್ಲವೂ ಕಾಂಗ್ರೆಸ್ ಮನೆಯ ಪಡಸಾಲೆಯಲ್ಲಿಯೇ ತೀರ್ಮಾನವಾದುವಲ್ಲದೆ ರಾಜಭವನದಲ್ಲಲ್ಲ.

ಒಡೆಯರ ತರುವಾಯ ಬಂದವರೆಲ್ಲರೂ ಅನ್ಯಪ್ರಾಂತಗಳಿಂದ ಬಂದವರು. ಇದು ತಪ್ಪೆಂದು ನಾವು ಹೇಳುವುದಿಲ್ಲ. ನಮ್ಮವರೂ ಹೊರಗೆ ಹೋಗಿದ್ದಾರೆ. ಕನ್ನಡ ಪತ್ರಿಕೋದ್ಯಮದಲ್ಲಿ ಬೆವರು ಸುರಿಸಿದ ಶ್ರೀ ರಂಗರಾವ್ ದಿವಾಕರರು 1952ರಿಂದ 1957ರ ವರೆಗೆ ಬಿಹಾರದ ಗವರ್ನರರಾಗಿದ್ದರೆಂಬುದನ್ನು ನಮ್ಮಂಥ ಪತ್ರಿಕೆಯವರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತೇವೆ. ಶ್ರೀ ಜತ್ತಿಯವರು ಒರಿಸ್ಸಾದಲ್ಲಿ ಆ ಪದವಿಯನ್ನಲಂಕರಿಸಿದರು. ಬೆಂಗಳೂರಿಗೆ ಬಂದವರಲ್ಲಿಯೂ ಗಣ್ಯರಿಗೆ ಕೊರತೆಯಿರಲಿಲ್ಲ. ಸೇನಾಪತಿಗಳಾಗಿದ್ದ ಜನರಲ್ ಶ್ರೀನಾಗೇಶರು ಬಂದರು. ಕಾರ್ಮಿಕರ ನೇತಾರರಾದ ಶ್ರೀ ವಿ. ವಿ. ಗಿರಿಯವರು 1965ರಲ್ಲಿ ಬಂದು, ಎರಡು ವರ್ಷಗಳಲ್ಲಿ ಉಪರಾಷ್ಟ್ರಪತಿಗಳಾಗಿ, 1969ರಲ್ಲಿ ರಾಷ್ಟ್ರಪತಿಗಳೇ ಆದರು. ಅವರ ಹಿಂದೆ ಬಂದ ಶ್ರೀ ಗೋಪಾಲಸ್ವರೂಪ ಪಾಠಕರೂ ಇಲ್ಲಿಂದಲೇ ಉಪರಾಷ್ಟ್ರಪತಿ ಪದವಿಗೆ ಏರಿದರು. ರಾಜಾಸ್ಥಾನವನ್ನು ಹದಿನೇಳು ವರ್ಷ ಆಳಿದ ಸುಖಾಡಿಯಾ, ಕೇಂದ್ರದ ಗೃಹಮಂತ್ರಿಗಳಾಗಿದ್ದ ಉಮಾಶಂಕರ ದೀಕ್ಷಿತ್, ಸರ್ಕಾರದ ಲೆಕ್ಕವನ್ನು ನಿರ್ದಾಕ್ಷಿಣ್ಯವಾಗಿ ತನಿಖೆಮಾಡಿದ ತ್ರಿಲೋಕಿನಾಥ ಚತುರ್ವೇದಿ, ಇವರೆಲ್ಲರೂ ಆ ಮನೆಯಲ್ಲಿ ವಾಸಮಾಡಿದವರೇ. ಶ್ರೀಮತಿ ವಿ. ಎಸ್. ರಮಾದೇವಿಯವರು 1999ರಲ್ಲಿ ಬಂದು ಈ ರಾಜ್ಯದ ಪ್ರಥಮ ಮಹಿಳಾ ಗವರ್ನರರೆನಿಸಿದರು. ಖುರ್ಷಿದ್ ಆಲಂ ಖಾನರು 1991ರಿಂದ 1999ರ ವರೆಗೆ ಎಂಟು ವರ್ಷಗಳಿಗೂ ಮಿಕ್ಕು ಇದ್ದು, ಹಲವು ಮುಖ್ಯಮಂತ್ರಿಗಳಿಗೆ ಪ್ರಮಾಣವಚನ ಬೋಧಿಸಿದರು.

ಯೋಗ್ಯತೆಯ ಪ್ರಶ್ನೆ ಇದಲ್ಲವೆಂಬುದು ಇಷ್ಟರಿಂದ ಸ್ಪಷ್ಟವಾಗುತ್ತದೆ. ಯೋಗ್ಯರೇ ಬಂದರೂ ಕೆಲವೊಮ್ಮೆ ಅಕಾರ್ಯವು ನಡೆಯಿತು. 1977ರ ಡಿಸೆಂಬರ್ 31ರಂದು ಶ್ರೀ ದೇವರಾಜ ಅರಸರ ಮಂತ್ರಿಮಂಡಲವನ್ನು ವಜಾಮಾಡಲಾಯಿತು. ಅರಸರು ಬಹುಮತವನ್ನು ಕಳೆದುಕೊಂಡಿದ್ದಾರೆಂದು ವರದಿಮಾಡಿದವರು ಗವರ್ನರರಾದ ಶ್ರೀ ಗೋವಿಂದ ನಾರಾಯಣರು; ಭಾರತ ಸರ್ಕಾರದ ಗೃಹ ಇಲಾಖೆಯಲ್ಲಿಯೂ ರಕ್ಷಣಾ ಇಲಾಖೆಯಲ್ಲಿಯೂ ಕಾರ್ಯದರ್ಶಿಗಳಾಗಿ ನುರಿತವರು. ಎರಡು ತಿಂಗಳು ತುಂಬುವುದರೊಳಗಾಗಿ ನಡೆದ ಚುನಾವಣೆಯಲ್ಲಿ ಜನರು ಅರಸರನ್ನು ಬಹುಮತದೊಡನೆ ಮರಳಿ ತಂದು ಕೂರಿಸಿದರು. ಗವರ್ನರರ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಇದ್ದ ಅಂತರವು ಇಷ್ಟು.

ಆಗ ದಿಲ್ಲಿಯಲ್ಲಿದ್ದುದು ಜನತಾ ಪಕ್ಷ, ಇಲ್ಲಿದ್ದುದು ಕಾಂಗ್ರೆಸ್. ಹನ್ನೊಂದು ವರ್ಷಗಳ ತರುವಾಯ ಪಾತ್ರಗಳು ಅದಲುಬದಲಾದುವು, ನಾಟಕವು ಅದೇ. ಶ್ರೀ ಸೋಮಪ್ಪ ರಾಯಪ್ಪ ಬೊಮ್ಮಾಯಿಯವರು 1988ರ ಆಗಸ್ಟಿನಿಂದ ಮುಖ್ಯಮಂತ್ರಿಗಳಾಗಿದ್ದರು. 1989ರ ಏಪ್ರಿಲಿನಲ್ಲಿ ಅವರು ಮಂತ್ರಿಮಂಡಲವನ್ನು ವಿಸ್ತರಿಸಿದ ಎರಡು ದಿನಗಳಲ್ಲಿ ಹತ್ತೊಂಬತ್ತು ಶಾಸಕರು ಬೆಂಬಲವನ್ನು ಹಿಂತೆಗೆದುಕೊಂಡರೆಂಬ ಪತ್ರಗಳು ರಾಜಭವನವನ್ನು ತಲಪಿದುವು. ಗವರ್ನರರಾದ ಶ್ರೀ ವೆಂಕಟಸುಬ್ಬಯ್ಯನವರು 19ನೆಯ ತಾರೀಖು ರಾಷ್ಟ್ರಪತಿಗಳಿಗೆ ವರದಿ ಕಳುಹಿಸಿದರು. ಮರುದಿನವೇ ಆ ಹತ್ತೊಂಬತ್ತು ಮಂದಿಯಲ್ಲಿ ಏಳು ಮಂದಿ, ತಮ್ಮ ರುಜುಗಳನ್ನು ತಪ್ಪು ತಿಳುವಳಿಕೆ ಕೊಟ್ಟು ಪಡೆಯಲಾಯಿತು, ತಾವು ಮಂತ್ರಿಮಂಡಲದ ಪಕ್ಷದಲ್ಲಿಯೇ ಇದ್ದೇವೆ ಎಂದು ಬರೆದುಕೊಟ್ಟರು. ಬೊಮ್ಮಾಯಿಯವರು ಸ್ವತಃ ಗವರ್ನರರನ್ನು ಕಂಡು, ಶಾಸನಸಭೆಯನ್ನು ಕರೆಯಿರಿ, ಬಹುಮತವನ್ನು ಅಲ್ಲಿ ತೋರಿಸುತ್ತೇನೆ, ಅಗತ್ಯವಾದರೆ ಅಧಿವೇಶನವನ್ನು ಮುಂಚಿತವಾಗಿಯೇ ಕೂಡಿಸುತ್ತೇನೆ ಎಂದರು. ಗವರ್ನರರು ಒಪ್ಪಲಿಲ್ಲ. ಒತ್ತಡದಿಂದ ಶಾಸಕರ ಮನಸ್ಸನ್ನು ತಿರುಗಿಸಲಾಗುತ್ತಿದೆಯೆಂದು ಮತ್ತೊಂದು ವರದಿಯನ್ನು ಬರೆದರು. 21ನೆಯ ತಾರೀಖು ಮಂತ್ರಿಮಂಡಲವು ವಜಾ ಆಯಿತು, ಶಾಸನಸಭೆಯು ವಿಸರ್ಜನೆಯಾಯಿತು.

ಇಲ್ಲಿ ವಾಚಕರು ಒಂದು ಕ್ಷಣ ನಿಂತು ಯೋಚಿಸಬೇಕು. ವಿಧಾನಸೌಧಕ್ಕೂ ರಾಜಭವನಕ್ಕೂ ಇರುವ ದೂರವೆಷ್ಟು? ಕಾಲ್ನಡಿಗೆಯವನಿಗೆ ಕೆಲವು ನಿಮಿಷಗಳ ಹಾದಿ. ಅಷ್ಟು ಹತ್ತಿರದಲ್ಲಿ ಜನರೇ ಆರಿಸಿ ಕಳುಹಿಸಿದ ಸಭೆಯಿರುವಾಗ, ಒಬ್ಬೊಬ್ಬ ಶಾಸಕನ ಸಹಿಯನ್ನು ಕೊಠಡಿಯಲ್ಲಿ ಕುಳಿತು ಪರೀಕ್ಷಿಸಿ ಸರ್ಕಾರದ ಆಯುಸ್ಸನ್ನು ಗುಣಿಸುವ ಜೋಯಿಸತನವೇಕೆ ಬೇಕಾಯಿತು? ಊರ ಪಂಚಾಯಿತಿಯಲ್ಲಿಯೂ ಚಾವಡಿಯ ಜಗಳವನ್ನು ಚಾವಡಿಯಲ್ಲಿಯೇ ತೀರಿಸುತ್ತಾರೆ, ಪಟೇಲನ ಅಡುಗೆಮನೆಯಲ್ಲಲ್ಲ.

ಬೊಮ್ಮಾಯಿಯವರು ಹೈಕೋರ್ಟಿಗೆ ಹೋದರು, ಅಲ್ಲಿ ಸೋತರು. ಸುಪ್ರೀಂ ಕೋರ್ಟಿಗೆ ಹೋದರು. ಒಂಬತ್ತು ನ್ಯಾಯಾಧೀಶರ ಪೀಠವು 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು. ಮಂತ್ರಿಮಂಡಲದ ಬಲಾಬಲವನ್ನು ಅಳೆಯಬೇಕಾದ ಸ್ಥಳವು ಶಾಸನಸಭೆಯ ಅಂಗಳವೇ ಹೊರತು ಗವರ್ನರರ ಅಂತರಂಗವಲ್ಲ. ರಾಷ್ಟ್ರಪತಿಗಳ ಘೋಷಣೆಯನ್ನು ನ್ಯಾಯಸ್ಥಾನವು ಪರಿಶೀಲಿಸಬಹುದು. ಪಾರ್ಲಿಮೆಂಟು ಒಪ್ಪುವುದಕ್ಕೆ ಮುಂಚೆ ಸಭೆಯನ್ನು ವಿಸರ್ಜಿಸಕೂಡದು. ಇವು ಆ ತೀರ್ಪಿನ ತಿರುಳು. ಕರ್ನಾಟಕದ ಘೋಷಣೆಯು ರಾಜ್ಯಾಂಗಕ್ಕೆ ವಿರುದ್ಧವೆಂದು ಸಾರಲ್ಪಟ್ಟಿತು. ಆದರೆ ಆ ವೇಳೆಗೆ ಐದು ವರ್ಷಗಳು ಸಂದಿದ್ದುವು; 1989ರ ಕೊನೆಯಲ್ಲಿಯೇ ಹೊಸ ಚುನಾವಣೆಯಾಗಿ ಬೇರೆ ಸರ್ಕಾರವು ಬಂದಿತ್ತು. ಕಳೆದುಹೋದ ಸರ್ಕಾರವನ್ನು ಯಾವ ಕೋರ್ಟೂ ಮರಳಿ ಕೊಡಲಾರದು. ಇಡೀ ಭಾರತಕ್ಕೆ ಕಾನೂನನ್ನು ಗಳಿಸಿಕೊಟ್ಟ ಕನ್ನಡಿಗನಿಗೆ ತನ್ನ ಗಾದಿಯು ಮಾತ್ರ ದಕ್ಕಲಿಲ್ಲ. ಅಂದಿನಿಂದ ಬಹುಮತದ ಪ್ರಶ್ನೆಯು ಎಲ್ಲಿ ಎದ್ದರೂ ವಕೀಲರ ಬಾಯಲ್ಲಿ ಮೊದಲು ಬರುವುದು ಹುಬ್ಬಳ್ಳಿಯ ಆ ವಕೀಲರ ಹೆಸರು.

ತೀರ್ಪು ಬಂದ ಮೇಲೆ ಕಷ್ಟಗಳು ನೀಗಿದುವೆ? ರೂಪವು ಬದಲಾಯಿತು. 2010ರ ಅಕ್ಟೋಬರಿನಲ್ಲಿ ಶ್ರೀ ಯಡಿಯೂರಪ್ಪನವರ ಸರ್ಕಾರವು ಹದಿನಾರು ಶಾಸಕರು ಅನರ್ಹರಾದ ಗದ್ದಲದಲ್ಲಿ ಧ್ವನಿಮತದಿಂದ ಗೆದ್ದಾಗ, ಹಿಂದೆ ಕೇಂದ್ರದ ಕಾನೂನು ಮಂತ್ರಿಗಳಾಗಿದ್ದ ಗವರ್ನರ್ ಹಂಸರಾಜ ಭಾರದ್ವಾಜರು ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರು. ದಿಲ್ಲಿಯು ಹಿಂದೇಟು ಹಾಕಿತು. ಮೂರು ದಿನಗಳಲ್ಲಿ ಮತ್ತೊಮ್ಮೆ ಓಟುಗಳ ಎಣಿಕೆಯಾಗಿ 106ಕ್ಕೆ 100ರಂತೆ ಸರ್ಕಾರವು ಉಳಿಯಿತು. 2018ರ ಮೇ ತಿಂಗಳಲ್ಲಿ ಗುಜರಾತಿನ ಮಂತ್ರಿಗಳಾಗಿದ್ದ ಶ್ರೀ ವಜುಭಾಯಿ ವಾಲಾ ಅವರು 104 ಸ್ಥಾನಗಳ ಪಕ್ಷವನ್ನು ಕರೆದು, ಬಹುಮತವನ್ನು ತೋರಿಸಲು ಹದಿನೈದು ದಿನಗಳ ವಾಯಿದೆಯನ್ನು ಕೊಟ್ಟರು. ಕಾಂಗ್ರೆಸ್ಸಿನವರೂ ಜನತಾ ದಳದವರೂ ಕೂಡಿ ಅದಕ್ಕಿಂತ ಹೆಚ್ಚಿನ ಸಂಖ್ಯೆಯ ಪತ್ರವನ್ನು ಅವರ ಕೈಯಲ್ಲಿಟ್ಟಿದ್ದರು. ಸುಪ್ರೀಂ ಕೋರ್ಟು ಸರಿರಾತ್ರಿಯಲ್ಲಿ ಕುಳಿತು ವಿಚಾರಣೆ ನಡೆಸಿತು. ಹದಿನೈದು ದಿನಗಳು ಒಂದೂವರೆ ದಿನಕ್ಕೆ ಇಳಿದುವು. 19ನೆಯ ತಾರೀಖು ಮತಕ್ಕೆ ಹಾಕುವ ಮುನ್ನವೇ ಮುಖ್ಯಮಂತ್ರಿಗಳು ರಾಜೀನಾಮೆ ಇತ್ತರು. ಒಬ್ಬರು ಒಂದು ಪಕ್ಷದಿಂದ ಬಂದ ಗವರ್ನರರು, ಮತ್ತೊಬ್ಬರು ಇನ್ನೊಂದು ಪಕ್ಷದಿಂದ ಬಂದವರು. ಆಯಾ ಪಕ್ಷದ ಪತ್ರಿಕೆಗಳು ಒಮ್ಮೆ ಪ್ರಜಾಪ್ರಭುತ್ವದ ಕೊಲೆಯೆಂದೂ ಇನ್ನೊಮ್ಮೆ ರಾಜ್ಯಾಂಗದ ರಕ್ಷಣೆಯೆಂದೂ ಬರೆದುವು. ನಮಗೆ ಎರಡು ನಾಲಗೆಗಳಿಲ್ಲ. 1977ರಲ್ಲಿ ಅಕಾರ್ಯವಾದುದು 1989ರಲ್ಲಿಯೂ ಅಕಾರ್ಯವೇ, 2018ರಲ್ಲಿಯೂ ಅಕಾರ್ಯವೇ.

ಮುಖ್ಯಮಂತ್ರಿಯ ಮೇಲೆ ಮೊಕದ್ದಮೆ ಹೂಡಲು ಅನುಮತಿ ಕೊಡುವ ವಿಷಯವು ಬೇರೆ. 2011ರಲ್ಲಿ ಭಾರದ್ವಾಜರು ಯಡಿಯೂರಪ್ಪನವರ ವಿಷಯದಲ್ಲಿ ಕೊಟ್ಟರು. 2024ರಲ್ಲಿ ಶ್ರೀ ಥಾವರ್‌ಚಂದ್ ಗೆಹ್ಲೋಟರು ಶ್ರೀ ಸಿದ್ದರಾಮಯ್ಯನವರ ವಿಷಯದಲ್ಲಿ ಕೊಟ್ಟರು, ಹೈಕೋರ್ಟು ಆ ವರ್ಷದ ಸೆಪ್ಟೆಂಬರಿನಲ್ಲಿ ಅದನ್ನು ಎತ್ತಿಹಿಡಿಯಿತು. ತನ್ನ ಮೇಲಿನ ದೂರಿನಲ್ಲಿ ಮಂತ್ರಿಮಂಡಲವೇ ಸಲಹೆ ಕೊಡುವುದು ಸಲ್ಲದೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಆ ಅನುಮತಿಗೆ ಜನರು ತಲೆಬಾಗಬೇಕಾದರೆ, ಅದನ್ನು ಕೊಡುವ ಕೈಯು ಯಾವ ಪಕ್ಷದ್ದೂ ಅಲ್ಲವೆಂಬ ನಂಬಿಕೆಯು ಮೊದಲು ಇರಬೇಕು.

ಹಾಗಾದರೆ ಪದವಿಯನ್ನೇ ಕಿತ್ತೊಗೆಯೋಣವೆಂಬವರಿದ್ದಾರೆ. ನಾವು ಅವರೊಡನೆ ಹೋಗಲಾರೆವು. ಚುನಾವಣೆ ಮುಗಿದು ಯಾರಿಗೂ ಬಹುಮತವಿಲ್ಲದಿದ್ದಾಗ ಒಬ್ಬನನ್ನು ಕರೆಯಲು ಒಬ್ಬರು ಬೇಕು. 1971ರಿಂದ 2008ರ ವರೆಗೆ ಆರು ಬಾರಿ ರಾಷ್ಟ್ರಪತಿ ಆಳ್ವಿಕೆಯನ್ನು ಕಂಡ ಈ ನಾಡಿನಲ್ಲಿ ಮಂತ್ರಿಗಳಿಲ್ಲದ ದಿನಗಳ ಹೊಣೆಯನ್ನು ಯಾರಾದರೂ ಹೊರಬೇಕು. ಗವರ್ನರರು ಸ್ವೀಕರಿಸುವ ಪ್ರಮಾಣವಚನವನ್ನು ಓದಿ ನೋಡಿದವರಿಗೆ ಗೊತ್ತು: ರಾಜ್ಯಾಂಗವನ್ನು ಕಾಪಾಡುವೆನೆಂದೂ ಆ ರಾಜ್ಯದ ಪ್ರಜೆಗಳ ಸೇವೆಗೂ ಕ್ಷೇಮಕ್ಕೂ ತನ್ನನ್ನು ಮುಡಿಪಾಗಿಡುವೆನೆಂದೂ ಅದರಲ್ಲಿದೆ. ನೇಮಕಮಾಡಿದವರ ಸೇವೆಯ ಮಾತು ಅಲ್ಲಿಲ್ಲ. ಆದರೆ ‘ರಾಷ್ಟ್ರಪತಿಗಳ ಇಚ್ಛೆ ಇರುವ ತನಕ’ ಎಂಬ 156ನೆಯ ವಿಧಿಯ ಮಾತು ತಲೆಯ ಮೇಲೆ ತೂಗುತ್ತಿರುವಾಗ ಆ ಪ್ರಮಾಣವನ್ನು ನಡೆಸುವವರು ಎಷ್ಟು ಮಂದಿ? ಕಾರಣವಿಲ್ಲದೆ ಗವರ್ನರರನ್ನು ತೆಗೆಯಕೂಡದೆಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿದೆ, ನಿಜ. ಆದರೆ ಕಾರಣವನ್ನು ಬಹಿರಂಗಪಡಿಸಬೇಕೆಂದು ಹೇಳಲಿಲ್ಲ.

ಸರ್ಕಾರಿಯಾ ಆಯೋಗವು 1988ರಲ್ಲಿಯೇ ಹಾದಿಯನ್ನು ತೋರಿಸಿತ್ತು. ಇತ್ತೀಚೆಗೆ ರಾಜಕೀಯದಲ್ಲಿ ತೀವ್ರವಾಗಿ ತೊಡಗಿದವರನ್ನು ಗವರ್ನರರನ್ನಾಗಿ ಮಾಡಬಾರದು, ನೇಮಕಕ್ಕೆ ಮುನ್ನ ಮುಖ್ಯಮಂತ್ರಿಯ ಅಭಿಪ್ರಾಯವನ್ನು ಕೇಳಬೇಕು, ಅದಕ್ಕಾಗಿ 155ನೆಯ ವಿಧಿಯನ್ನು ತಿದ್ದಬೇಕು ಎಂದಿತು. ಪೂಂಛಿ ಆಯೋಗವು 2010ರಲ್ಲಿ ಇನ್ನೂ ಮುಂದೆ ಹೋಗಿ, ಐದು ವರ್ಷಗಳ ಅವಧಿಯನ್ನು ಭದ್ರಪಡಿಸಬೇಕೆಂದಿತು. ದಿಲ್ಲಿಯಲ್ಲಿ ಸರ್ಕಾರಗಳು ಬದಲಾಗಿವೆ. ವಿರೋಧಪಕ್ಷದಲ್ಲಿದ್ದಾಗ ಈ ವರದಿಗಳನ್ನು ಎತ್ತಿ ಆಡಿದವರು ಅಧಿಕಾರಕ್ಕೆ ಬಂದೊಡನೆ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರೆ. ಮಸೂದೆಗಳಿಗೆ ಅಂಕಿತ ಹಾಕದೆ ಇಟ್ಟುಕೊಳ್ಳುವ ಹೊಸ ರೋಗಕ್ಕೆ ಕಾಲಮಿತಿಯನ್ನು ವಿಧಿಸಲು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರು 2025ರ ಏಪ್ರಿಲಿನಲ್ಲಿ ಯತ್ನಿಸಿದರು. ಅದೇ ವರ್ಷ ನವೆಂಬರಿನಲ್ಲಿ ಐವರ ಪೀಠವು ಅಂಥ ಮಿತಿಯನ್ನು ಕೋರ್ಟು ಹಾಕಲಾಗದೆಂದಿತು. ನ್ಯಾಯಸ್ಥಾನದ ಹಾದಿಯು ಎಲ್ಲಿಯವರೆಗೆಂಬುದು ಇದರಿಂದ ತಿಳಿಯಿತು.

ಆದುದರಿಂದ ನಮ್ಮ ಶಾಸನಸಭೆಯವರನ್ನೇ ನಾವು ಕೇಳುತ್ತೇವೆ. ಬೊಮ್ಮಾಯಿಯವರ ಮೊಕದ್ದಮೆಯು ಹುಟ್ಟಿದುದು ಈ ನಾಡಿನಲ್ಲಿ. ಇಲ್ಲಿ ಆಳುವ ಪಕ್ಷಕ್ಕೂ ವಿರೋಧಪಕ್ಷಕ್ಕೂ ಗವರ್ನರರ ಕೈಯ ಬಿಸಿ ತಾಗಿದೆ. ಯಾವುದೊಂದು ಪಕ್ಷವೂ ತಾನು ಇದನ್ನು ಅನುಭವಿಸಲಿಲ್ಲವೆಂದು ಹೇಳುವಂತಿಲ್ಲ. ಉಭಯ ಸದನಗಳೂ ಪಕ್ಷಭೇದವನ್ನು ಬಿಟ್ಟು, ಗವರ್ನರರ ನೇಮಕದಲ್ಲಿ ರಾಜ್ಯದ ಅಭಿಪ್ರಾಯವನ್ನು ಕೇಳಲೇಬೇಕೆಂದು 155ನೆಯ ವಿಧಿಯನ್ನು ತಿದ್ದಬೇಕೆನ್ನುವ ಒಂದು ನಿರ್ಣಯವನ್ನು ಅಂಗೀಕರಿಸಿ ದಿಲ್ಲಿಗೆ ಕಳುಹಿಸಲಿ. ಮುಂದಿನ ಅಧಿವೇಶನದಲ್ಲಿ ಆ ನಿರ್ಣಯವನ್ನು ಮಂಡಿಸುವ ಸದಸ್ಯರು ಯಾವ ಪಕ್ಷದವರಾಗಿದ್ದರೂ ಅವರ ಭಾಷಣವನ್ನು ನಮ್ಮ ಪತ್ರಿಕೆಯು ಒಂದಕ್ಷರವನ್ನೂ ಬಿಡದೆ ಅಚ್ಚುಮಾಡುವುದು.